ನೋದನ, ವೇಗ, ಗುರುತ್ವ: ಮೂರು ಶಬ್ದಗಳ ಪೂರ್ವಚರಿತ್ರೆ

೧

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಕನ್ನಡ ಮರಾಠಿಗಳೆರಡೂ ಬಹುಕಾಲದಿಂದ ಕೂಡಿ ಬಾಳಿದ ನಾಡಾಗಿರುತ್ತದೆ. ಇಲ್ಲಿ ಒಂದೇ ಊರಿನ ಇಬ್ಬರು ಬಾಲಕರಲ್ಲಿ ಒಬ್ಬನು ಕನ್ನಡ ಶಾಲೆಗೂ ಇನ್ನೊಬ್ಬನು ಮರಾಠಿ ಶಾಲೆಗೂ ಹೋಗುವುದುಂಟು. ಭೌತಶಾಸ್ತ್ರದ ಪಾಠಕ್ಕೆ ಬಂದಾಗ ಕನ್ನಡದ ಬಾಲಕನು 'ವೇಗೋತ್ಕರ್ಷ'ವೆಂದು ಕಲಿಯುವುದನ್ನು ಮರಾಠಿಯ ಬಾಲಕನು 'ತ್ವರಣ'ವೆಂದು ಕಲಿಯುತ್ತಾನೆ. ಅವನ 'ದ್ರವ್ಯರಾಶಿ'ಯು ಇವನಿಗೆ 'ವಸ್ತುಮಾನ'ವಾಗುತ್ತದೆ. ಆದರೆ ಬಲ, ವೇಗ, ಸಂವೇಗ, ಗುರುತ್ವಾಕರ್ಷಣ ಎಂಬ ಶಬ್ದಗಳಲ್ಲಿ ಇಬ್ಬರಿಗೂ ಭೇದವಿಲ್ಲ. ಈ ಐಕಮತ್ಯವು ಆಕಸ್ಮಿಕವಾದುದಲ್ಲ. ಎರಡು ಭಾಷೆಗಳೂ ಈ ಶಬ್ದಗಳನ್ನು ಒಂದೇ ಭಂಡಾರದಿಂದ ತೆಗೆದುಕೊಂಡಿವೆ. ಆ ಭಂಡಾರವು ಸಂಸ್ಕೃತದ ಶಾಸ್ತ್ರಸಾಹಿತ್ಯವು.

ಆದರೆ ಎರವಲು ತಂದ ಪಾತ್ರೆಯಲ್ಲಿ ಹಿಂದಿನ ಪದಾರ್ಥದ ವಾಸನೆಯು ಸ್ವಲ್ಪವಾದರೂ ಉಳಿದಿರುವಂತೆ, ಈ ಶಬ್ದಗಳಲ್ಲಿಯೂ ಅವುಗಳ ಪೂರ್ವಾರ್ಥವು ಉಳಿದುಕೊಂಡಿದೆ. ಇದರಿಂದ ಎರಡು ಬಗೆಯ ಭ್ರಾಂತಿಗಳು ಹುಟ್ಟಿವೆ. ನ್ಯೂಟನ್ನನು ೧೬೮೭ರಲ್ಲಿ ಹೇಳಿದುದೆಲ್ಲವನ್ನೂ ಕಣಾದಮುನಿಯು ಮೊದಲೇ ಹೇಳಿಬಿಟ್ಟಿದ್ದನೆಂಬುದು ಒಂದು. ನಮ್ಮ ಶಾಸ್ತ್ರಗಳಲ್ಲಿ ಚಲನೆಯ ವಿಚಾರವೇ ಇಲ್ಲ, ಇರುವುದೆಲ್ಲ ಮೋಕ್ಷದ ಮಾತೆಂಬುದು ಇನ್ನೊಂದು. ಎರಡೂ ಗ್ರಂಥಗಳನ್ನು ಓದದೆ ಆಡಿದ ಮಾತುಗಳೇ ಆಗಿವೆ. ಬಲ, ಸಂವೇಗ, ಗುರುತ್ವ ಎಂಬ ಮೂರು ಭಾವನೆಗಳು ನಿತ್ಯದ ಲೋಕವ್ಯವಹಾರದಲ್ಲಿ ಒಂದಕ್ಕೊಂದು ಹೇಗೆ ಸಂಬಂಧಿಸಿವೆ, ಪ್ರಾಚೀನರು ಆ ಸಂಬಂಧವನ್ನು ಎಲ್ಲಿಯವರೆಗೆ ಕಂಡಿದ್ದರು, ಎಲ್ಲಿ ನಿಂತರು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವು.

೨

ವೈಶೇಷಿಕಸೂತ್ರಗಳ ಐದನೆಯ ಅಧ್ಯಾಯವು ಕರ್ಮವನ್ನು, ಎಂದರೆ ಚಲನೆಯನ್ನು, ಕುರಿತದ್ದು. ಕಣಾದನು ಆ ವಿಚಾರವನ್ನು ಗ್ರಹನಕ್ಷತ್ರಗಳಿಂದ ಆರಂಭಿಸುವುದಿಲ್ಲ, ಒನಕೆಯಿಂದ ಆರಂಭಿಸುತ್ತಾನೆ. ಧಾನ್ಯವನ್ನು ಕುಟ್ಟುವವರ ಕೈಯು ಆತ್ಮದ ಪ್ರಯತ್ನದಿಂದ ಏಳುತ್ತದೆ. ಕೈಯ ಸಂಯೋಗದಿಂದ ಒನಕೆಯು ಏಳುತ್ತದೆ. ಒನಕೆಯು ಒರಳಿಗೆ ಬಿದ್ದು ಮತ್ತೆ ಪುಟಿಯುವುದಾದರೋ ಕುಟ್ಟುವವರ ಪ್ರಯತ್ನದಿಂದಲ್ಲ, ಒರಳಿನ ಅಭಿಘಾತದಿಂದ. ಆಗ ಒನಕೆಯನ್ನು ಹಿಡಿದ ಕೈಯೂ ಅದರೊಡನೆ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ರಾಯಬಾಗ, ಅಥಣಿಗಳ ಹಳ್ಳಿಗಳಲ್ಲಿ ಯಂತ್ರದ ಗಿರಣಿಗಳು ಬರುವುದಕ್ಕೆ ಮುಂಚೆ ಪ್ರತಿಯೊಂದು ಮನೆಯ ಹೆಂಗಸರೂ ಇದನ್ನು ತಮ್ಮ ತೋಳಿನಲ್ಲಿಯೇ ಅನುಭವಿಸಿದ್ದರು. ಪುಟಿದ ಒನಕೆಯನ್ನು ಎತ್ತಲು ಬೇಕಾಗುವ ಶ್ರಮವು ಬಿದ್ದಲ್ಲೇ ನಿಂತ ಒನಕೆಯನ್ನು ಎತ್ತುವ ಶ್ರಮಕ್ಕಿಂತ ಕಡಮೆಯೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಣಾದನ ವಿಶೇಷವೇನೆಂದರೆ, ಆ ಅನುಭವದಲ್ಲಿ ಅಡಗಿದ್ದ ಕಾರಣಗಳನ್ನು ಬೇರೆಬೇರೆಯಾಗಿ ಎಣಿಸಿದುದು.

ಹೀಗೆ ಎಣಿಸಿದ ಕಾರಣಗಳಲ್ಲಿ ನೋದನ, ಅಭಿಘಾತ, ಸಂಸ್ಕಾರ, ಗುರುತ್ವ ಎಂಬ ನಾಲ್ಕು ಪ್ರಕೃತಕ್ಕೆ ಮುಖ್ಯವಾದವು. ನೋದನವೆಂದರೆ ತಳ್ಳುವ ವಸ್ತುವೂ ತಳ್ಳಲ್ಪಡುವ ವಸ್ತುವೂ ಅಗಲದೆ ಕೂಡಿಯೇ ಚಲಿಸುವ ಸಂಯೋಗ. ಅದರಿಂದ ಶಬ್ದವು ಹುಟ್ಟುವುದಿಲ್ಲ. ಅಭಿಘಾತವೆಂದರೆ ತಾಕಿ ಅಗಲುವ, ಶಬ್ದವನ್ನು ಹುಟ್ಟಿಸುವ ಸಂಯೋಗ. ಕಬ್ಬಿನ ಗಾಡಿಯನ್ನು ಹಿಂದಿನಿಂದ ಹೆಗಲು ಕೊಟ್ಟು ನೂಕುವುದು ನೋದನ. ಕಮ್ಮಾರನು ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಹೊಡೆಯುವುದು ಅಭಿಘಾತ. ಇಂದಿನ ಭೌತಶಾಸ್ತ್ರವು ಎರಡನ್ನೂ 'ಬಲ'ವೆಂಬ ಒಂದೇ ಹೆಸರಿನಿಂದ ಕರೆಯುತ್ತದೆ. ಬಹುಕಾಲ ತಳ್ಳುವ ಅಲ್ಪಬಲವೂ ಕ್ಷಣಮಾತ್ರ ತಾಕುವ ಮಹಾಬಲವೂ ಒಂದೇ ಪರಿಣಾಮವನ್ನುಂಟುಮಾಡಬಲ್ಲವೆಂದು ತೋರಿಸಿಕೊಡುತ್ತದೆ. ಪ್ರಾಚೀನರು ಭೇದವನ್ನು ಕಂಡರು. ನವೀನರು ಅದರ ಒಳಗಿನ ಅಭೇದವನ್ನು ಕಂಡರು.

ಬಾಣದ ದೃಷ್ಟಾಂತವು ಇನ್ನೂ ಸೂಕ್ಷ್ಮವಾದುದು. ಬಾಣದ ಮೊದಲ ಚಲನೆಗೆ ಹೆದೆಯ ನೋದನವು ಕಾರಣ. ಹೆದೆಯನ್ನು ಬಿಟ್ಟ ಮೇಲೆ ತಳ್ಳುವವರಾರೂ ಇಲ್ಲ; ಆದರೂ ಬಾಣವು ಹೋಗುತ್ತಲೇ ಇರುತ್ತದೆ. ಇದಕ್ಕೆ ಕಣಾದನು ಹೇಳುವ ಉತ್ತರವೇನೆಂದರೆ, ಮೊದಲ ಕರ್ಮವು ಬಾಣದಲ್ಲಿ ಒಂದು ಸಂಸ್ಕಾರವನ್ನು ಹುಟ್ಟಿಸುತ್ತದೆ, ಮುಂದಿನ ಕರ್ಮಗಳು ಆ ಸಂಸ್ಕಾರದಿಂದ ಉಂಟಾಗುತ್ತವೆ, ಸಂಸ್ಕಾರವು ಇಲ್ಲವಾದಾಗ ಗುರುತ್ವದಿಂದ ಬಾಣವು ಬೀಳುತ್ತದೆ ಎಂಬುದು. ಈ ಸಂಸ್ಕಾರವನ್ನೇ ಪ್ರಶಸ್ತಪಾದನು 'ವೇಗ'ವೆಂದು ಕರೆದನು. ಅವನ ಮತದಲ್ಲಿ ಸಂಸ್ಕಾರವು ಮೂರು ವಿಧ: ವೇಗ, ಭಾವನೆ, ಸ್ಥಿತಿಸ್ಥಾಪಕ. ಭಾವನೆಯು ಆತ್ಮದಲ್ಲಿದ್ದು ಸ್ಮೃತಿಗೆ ಕಾರಣವಾಗುತ್ತದೆ. ಸ್ಥಿತಿಸ್ಥಾಪಕವು ಬಾಗಿಸಿದ ಬಿದಿರನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ವೇಗವು ಪೃಥಿವಿ, ಜಲ, ತೇಜಸ್ಸು, ವಾಯು, ಮನಸ್ಸು ಎಂಬ ಐದರಲ್ಲಿದ್ದು ಚಲನೆಯನ್ನು ಒಂದು ನಿಯತವಾದ ದಿಕ್ಕಿನಲ್ಲಿ ಮುಂದುವರಿಸುತ್ತದೆ.

ಹಿಂದೆ ಆದುದರ ಗುರುತು ವಸ್ತುವಿನಲ್ಲಿ ಉಳಿದು ಮುಂದಿನ ಕಾರ್ಯಕ್ಕೆ ಕಾರಣವಾಗುವುದೇ ಸಂಸ್ಕಾರದ ಲಕ್ಷಣವು. ನೋಡಿದ ವಸ್ತುವು ಕಣ್ಣಿನಿಂದ ಮರೆಯಾದ ಮೇಲೂ ನೆನಪು ಉಳಿಯುವಂತೆ, ನೂಕಿದ ಕೈಯು ದೂರವಾದ ಮೇಲೂ ವೇಗವು ಉಳಿಯುತ್ತದೆ. ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿಗಳನ್ನು ಓಡಿಸುವವನು ಕವಣೆಯನ್ನು ಬೀಸಿ ಬಿಟ್ಟಾಗ ಕಲ್ಲು ಹಾರುವುದು ಈ ಸಂಸ್ಕಾರದಿಂದಲೇ. ಇಂದಿನ ಶಾಸ್ತ್ರದ ಸಂವೇಗವೂ ಇಂತಹದೇ ಒಂದು ಉಳಿಕೆಯು. ಆದರೆ ಸಂವೇಗಕ್ಕೆ ಒಂದು ಪರಿಮಾಣವುಂಟು: ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬರುವ ಲಬ್ಧವೇ ಅದು. ವೈಶೇಷಿಕರ ವೇಗಕ್ಕೆ ಇಂತಹ ಗುಣಾಕಾರವಿಲ್ಲ. ಅದರಲ್ಲಿ ತೀವ್ರ, ಮಂದ ಎಂಬ ತಾರತಮ್ಯವುಂಟು, ಎಷ್ಟೆಂಬ ಲೆಕ್ಕವಿಲ್ಲ.

೩

ಗುರುತ್ವದ ವಿಚಾರದಲ್ಲಿ ಸಂಸ್ಕೃತ ಪಾಠಶಾಲೆಗಳ ವಿದ್ಯಾರ್ಥಿಗಳಿಗೆ ಮೊದಲು ಪರಿಚಯವಾಗುವುದು ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹದ ಲಕ್ಷಣವು. ಅವನು ಗುರುತ್ವವನ್ನು ಮೊದಲನೆಯ ಪತನಕ್ಕೆ ಅಸಮವಾಯಿಕಾರಣವೆಂದು ಲಕ್ಷಿಸುತ್ತಾನೆ. ಇಲ್ಲಿ 'ಮೊದಲನೆಯ' ಎಂಬ ವಿಶೇಷಣವೇಕೆ? ತನ್ನ ದೀಪಿಕೆಯಲ್ಲಿ ಅವನೇ ಸಮಾಧಾನವನ್ನು ಕೊಡುತ್ತಾನೆ: ಎರಡನೆಯ ಮತ್ತು ಮುಂದಿನ ಕ್ಷಣಗಳ ಪತನಕ್ಕೆ ವೇಗವೂ ಅಸಮವಾಯಿಕಾರಣವಾಗುವುದರಿಂದ, ಆ ವಿಶೇಷಣವಿಲ್ಲದಿದ್ದರೆ ಲಕ್ಷಣವು ವೇಗದಲ್ಲಿ ಅತಿವ್ಯಾಪ್ತವಾಗುವುದು.

ಇದನ್ನು ಓದಿದ ಅನೇಕರು ಒಂದು ತಪ್ಪು ತೀರ್ಮಾನಕ್ಕೆ ಬಂದಿದ್ದಾರೆ. ಗುರುತ್ವವು ಮೊದಲ ಕ್ಷಣದಲ್ಲಿ ಮಾತ್ರ ಕೆಲಸಮಾಡಿ ಆಮೇಲೆ ಸುಮ್ಮನಾಗುತ್ತದೆ, ಮುಂದೆ ವೇಗವೊಂದೇ ವಸ್ತುವನ್ನು ಕೆಳಗೆ ಒಯ್ಯುತ್ತದೆ ಎಂದು ತಾರ್ಕಿಕರು ನಂಬಿದ್ದರೆಂಬುದೇ ಆ ತೀರ್ಮಾನವು. ಆದರೆ ಲಕ್ಷಣವಾಕ್ಯದ ಕೆಲಸವು ಲಕ್ಷ್ಯವನ್ನು ಇತರ ವಸ್ತುಗಳಿಂದ ಬೇರ್ಪಡಿಸುವುದು ಮಾತ್ರ. ಲಕ್ಷ್ಯವು ಮಾಡುವ ಎಲ್ಲ ಕೆಲಸಗಳ ಪಟ್ಟಿಯನ್ನು ಕೊಡುವುದಲ್ಲ. ಗಂಧವತ್ತ್ವವು ಪೃಥಿವಿಯ ಲಕ್ಷಣವೆಂದರೆ ಪೃಥಿವಿಯಲ್ಲಿ ರೂಪವಿಲ್ಲವೆಂದು ಯಾರೂ ಹೇಳುವುದಿಲ್ಲವಷ್ಟೆ. ಹಾಗೆಯೇ ಮೊದಲ ಪತನವನ್ನು ಹೇಳಿದ ಮಾತ್ರದಿಂದ ಮುಂದಿನ ಪತನಗಳಲ್ಲಿ ಗುರುತ್ವವಿಲ್ಲವೆಂದು ಆಗುವುದಿಲ್ಲ.

ಈ ಸಂಶಯಕ್ಕೆ ನಿರ್ಣಾಯಕವಾದ ಉತ್ತರವು ಅನ್ನಂಭಟ್ಟನಿಗಿಂತ ಸುಮಾರು ಸಾವಿರ ವರ್ಷಗಳಷ್ಟು ಹಿಂದಿನವನಾದ ಪ್ರಶಸ್ತಪಾದನ ಪದಾರ್ಥಧರ್ಮಸಂಗ್ರಹದಲ್ಲಿಯೇ ಇದೆ. ಆಧಾರವು ತಪ್ಪಿದ ವಸ್ತುವಿನ ಮೊದಲ ಪತನಕರ್ಮವು ಗುರುತ್ವವೊಂದರಿಂದಲೂ, ಎರಡನೆಯದು ಮೊದಲಾದ ಕರ್ಮಗಳು ಗುರುತ್ವ ಮತ್ತು ಸಂಸ್ಕಾರ ಎರಡರಿಂದಲೂ ಆಗುತ್ತವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಬೀಳುವ ವಸ್ತುವಿನಲ್ಲಿ ಹಿಂದೆ ಕೂಡಿಕೊಂಡ ವೇಗವೂ ಇರುತ್ತದೆ. ಗುರುತ್ವವೂ ಬಿಡದೆ ಕೆಲಸಮಾಡುತ್ತಿರುತ್ತದೆ. ಚಲನೆಯ ಚರಿತ್ರೆಯಲ್ಲಿ ಇದು ಬೆಲೆಯುಳ್ಳ ಮಾತು.

ಅದರ ಬೆಲೆಯನ್ನು ಅಳೆಯುವುದಕ್ಕೆ ಈ ಸೀಮೆಗೆ ಸಮೀಪದ ಗೋಕಾಕದ ಜಲಪಾತವನ್ನು ನೋಡಬಹುದು. ಅಲ್ಲಿ ಘಟಪ್ರಭೆಯು ಸುಮಾರು ೫೨ ಮೀಟರು ಎತ್ತರದಿಂದ ಧುಮುಕುತ್ತದೆ. ಗಾಳಿಯ ತಡೆಯನ್ನು ಎಣಿಸದಿದ್ದರೆ, ಅಂಚನ್ನು ಬಿಟ್ಟ ನೀರಿನ ಹನಿಯು ಮೊದಲನೆಯ ಸೆಕೆಂಡಿನಲ್ಲಿ ೪.೯ ಮೀಟರು, ಎರಡನೆಯದರಲ್ಲಿ ೧೪.೭ ಮೀಟರು, ಮೂರನೆಯದರಲ್ಲಿ ೨೪.೫ ಮೀಟರು ಇಳಿಯುತ್ತದೆ. ಈ ಸಂಖ್ಯೆಗಳು ಒಂದು, ಮೂರು, ಐದು ಎಂಬ ವಿಷಮಸಂಖ್ಯೆಗಳ ಪ್ರಮಾಣದಲ್ಲಿರುತ್ತವೆ. ಇದನ್ನು ನಿರೂಪಿಸಿದವನು ಇಟಲಿ ದೇಶದ ಗೆಲಿಲಿಯೋ, ಅವನ ಗ್ರಂಥವು ಪ್ರಕಟವಾದುದು ೧೬೩೮ರಲ್ಲಿ. ಮೂರು ಸೆಕೆಂಡುಗಳನ್ನು ಸ್ವಲ್ಪ ಮೀರುವಷ್ಟರಲ್ಲಿ ಹನಿಯು ತಳವನ್ನು ಮುಟ್ಟುತ್ತದೆ. ಆಗ ಅದರ ವೇಗವು ಸೆಕೆಂಡಿಗೆ ಸುಮಾರು ೩೨ ಮೀಟರು. ಪ್ರತಿಯೊಂದು ಸೆಕೆಂಡಿನಲ್ಲಿಯೂ ಸೆಕೆಂಡಿಗೆ ೯.೮ ಮೀಟರಿನಷ್ಟು ವೇಗವು ಹಿಂದಿನ ವೇಗಕ್ಕೆ ಸೇರುತ್ತ ಹೋಗುವುದೇ ಇದಕ್ಕೆ ಕಾರಣ. ಗುರುತ್ವವು ಮೊದಲ ಕ್ಷಣದಲ್ಲಿ ಮಾತ್ರ ಕೆಲಸಮಾಡುವುದಾಗಿದ್ದರೆ ಈ ವೃದ್ಧಿಗೆ ಕಾರಣವೇ ಇರುತ್ತಿರಲಿಲ್ಲ. ಹನಿಯು ಆರಂಭದ ಮಂದಗತಿಯಲ್ಲಿಯೇ ಇಳಿಯಬೇಕಾಗುತ್ತಿತ್ತು. ಪ್ರಶಸ್ತಪಾದನ ವಾಕ್ಯವಾದರೋ ವೃದ್ಧಿಗೆ ಬೇಕಾದ ಎರಡು ಕಾರಣಗಳನ್ನೂ ಒಟ್ಟಿಗೆ ಹಿಡಿದಿರುತ್ತದೆ. ವೃದ್ಧಿಯ ನಿಯಮವನ್ನು ಅವನು ಹೇಳಿಲ್ಲ. ವೃದ್ಧಿಯು ಸಾಧ್ಯವಾಗುವಂತಹ ಕಾರಣಸಾಮಗ್ರಿಯನ್ನು ಹೇಳಿದ್ದಾನೆ. ಯುರೋಪಿನಲ್ಲಿ ಹದಿನಾಲ್ಕನೆಯ ಶತಮಾನದ ಪ್ಯಾರಿಸಿನ ಪಂಡಿತನಾದ ಬ್ಯೂರಿಡಾನನು, ಬೀಳುವ ವಸ್ತುವಿನಲ್ಲಿ ಭಾರವು ಹೊಸಹೊಸ ವೇಗಸಂಸ್ಕಾರವನ್ನು ಕೂಡಿಸುತ್ತ ಹೋಗುವುದರಿಂದ ಅದು ಶೀಘ್ರವಾಗುತ್ತದೆಂದು ವಾದಿಸಿದುದು ಇದಕ್ಕೆ ಬಹಳ ಸಮೀಪವಾದ ಮಾತು.

ಆದರೆ ಇನ್ನೊಂದು ಕಡೆ ವೈಶೇಷಿಕರು ನಿಂತುಬಿಟ್ಟರು. ಸಂಯೋಗ, ಪ್ರಯತ್ನ, ಸಂಸ್ಕಾರ ಎಂಬ ಮೂರೂ ಗುರುತ್ವಕ್ಕೆ ಪ್ರತಿಬಂಧಕಗಳೆಂದು ಅವರ ಸಿದ್ಧಾಂತ. ತೊಟ್ಟಿನ ಸಂಯೋಗವಿರುವವರೆಗೆ ಹಣ್ಣು ಬೀಳುವುದಿಲ್ಲ. ಪ್ರಯತ್ನವಿರುವವರೆಗೆ ಹಕ್ಕಿಯ ದೇಹವು ಬೀಳುವುದಿಲ್ಲ. ವೇಗವಿರುವವರೆಗೆ ಬಾಣವು ಬೀಳುವುದಿಲ್ಲ. ಮೊದಲೆರಡನ್ನು ಒಪ್ಪಬಹುದು. ಮೂರನೆಯದು ನಿಜವಲ್ಲ. ಬಿಲ್ಲನ್ನು ಬಿಟ್ಟ ಕ್ಷಣದಿಂದಲೇ ಬಾಣವು, ಗುರುತ್ವವಿಲ್ಲದಿದ್ದರೆ ಹೋಗಬೇಕಾಗಿದ್ದ ಸರಳರೇಖೆಯಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ವೇಗವು ಅದನ್ನು ಮುಂದಕ್ಕೂ ಗುರುತ್ವವು ಕೆಳಕ್ಕೂ ಏಕಕಾಲದಲ್ಲಿ ಒಯ್ಯುತ್ತವೆ. ಇವೆರಡೂ ಒಂದನ್ನೊಂದು ಕೆಡಿಸದೆ ಕೂಡಿಕೊಳ್ಳುವುದರಿಂದಲೇ ಬಾಣದ ದಾರಿಯು ಬಾಗಿದ ರೇಖೆಯಾಗುತ್ತದೆ. ಒಂದೇ ದಿಕ್ಕಿನಲ್ಲಿರುವಾಗ ವೇಗ ಗುರುತ್ವಗಳ ಸಹಕಾರವನ್ನು ಕಂಡ ಪ್ರಶಸ್ತಪಾದನು, ದಿಕ್ಕು ಬೇರೆಯಾದಾಗ ವಿರೋಧವನ್ನೇ ಕಂಡನು. ಅಲ್ಲಿಯೂ ಸಹಕಾರವೇ ಉಂಟೆಂದು ಕಂಡವನು ಗೆಲಿಲಿಯೋ.

೪

ಈ ಶಾಸ್ತ್ರವು ಕನ್ನಡನಾಡಿಗೆ ಹೊರಗಿನದಾಗಿರಲಿಲ್ಲ. ಅಥಣಿಯ ನೆರೆಯ ವಿಜಯಪುರ ಜಿಲ್ಲೆಯಲ್ಲಿರುವ ಸಾಲೊಟಗಿಯ ವಿದ್ಯಾಶಾಲೆಯನ್ನು ಕ್ರಿ. ಶ. ೯೪೫ರ ಶಾಸನವು ಹೇಳುತ್ತದೆ. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಅಲ್ಲಿ ಪಾಠವಾಗುತ್ತಿದ್ದ ದರ್ಶನಗಳಲ್ಲಿ ನ್ಯಾಯ ವೈಶೇಷಿಕಗಳನ್ನು ಹೆಸರಿಸಿದೆ. ಗಣಿತದಲ್ಲಿಯಾದರೋ ಈ ಸೀಮೆಗೆ ಒಂದು ವಿಶೇಷವಾದ ಕೀರ್ತಿಯುಂಟು. ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದವರಲ್ಲಿ ಮೊದಲಿಗನಾದ ರಾಜಾದಿತ್ಯನು ಕೂಂಡಿಮಂಡಲದ ಪೂವಿನಬಾಗೆಯವನು. ಪೂವಿನಬಾಗೆಯೇ ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಜೈನನಾದ ಈ ಕವಿಯನ್ನು ಹನ್ನೆರಡನೆಯ ಶತಮಾನದವನೆಂದು ಎಣಿಸುವುದು ರೂಢಿ. ಅವನ ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದ ಕೃತಿಗಳಲ್ಲಿ ಅಳತೆ, ತೂಕ, ಬೆಲೆ, ಕ್ಷೇತ್ರ ಇವುಗಳ ಲೆಕ್ಕವು ಕನ್ನಡದ ಪದ್ಯಗಳಲ್ಲಿ ಹರಿದಿದೆ. ಸಂತೆಗೆ ಹೋಗುವವನಿಗೂ ಹೊಲವನ್ನು ಅಳೆಯುವವನಿಗೂ ಬೇಕಾದ ಲೆಕ್ಕವನ್ನು ಅವರ ಮಾತಿನಲ್ಲಿಯೇ ಹೇಳಿದ ಶ್ರೇಯಸ್ಸು ಅವನದು.

ರಾಜಾದಿತ್ಯನ ಶತಮಾನದಲ್ಲಿಯೇ ಬಾಳಿದ ಭಾಸ್ಕರಾಚಾರ್ಯನು ೧೧೧೪ರಲ್ಲಿ ಹುಟ್ಟಿ ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ತನ್ನ ಊರು ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡವೆಂದು ಅವನು ಹೇಳಿಕೊಂಡಿದ್ದಾನೆ. ಅದು ವಿಜಯಪುರವೆಂದು ಕೆಲವರೂ ಅನ್ಯಸ್ಥಳವೆಂದು ಕೆಲವರೂ ವಾದಿಸುವುದರಿಂದ ಈ ವಿಷಯದಲ್ಲಿ ಮತಭೇದವುಂಟು. ಅವನ ಮೊಮ್ಮಗನಾದ ಚಾಂಗದೇವನು ಯಾದವ ಸಿಂಘಣನ ಆಸ್ಥಾನದ ಜ್ಯೋತಿಷಿಯಾಗಿದ್ದು, ಭಾಸ್ಕರನ ಗ್ರಂಥಗಳ ಪಾಠಕ್ಕಾಗಿ ಖಾನದೇಶದ ಪಾಟಣದಲ್ಲಿ ಮಠವೊಂದನ್ನು ಏರ್ಪಡಿಸಿದುದನ್ನು ೧೨೦೭ರ ಶಾಸನವು ತಿಳಿಸುತ್ತದೆ. ಅದೇ ಸಿಂಘಣನ ದಂಡನಾಯಕನಾದ ಬೀಚಣನು ಮುಂದೆ ಸವದತ್ತಿಯ ರಟ್ಟರನ್ನು ಗೆದ್ದುದರಿಂದ ರಾಜಾದಿತ್ಯನ ಕೂಂಡಿನಾಡೂ ಭಾಸ್ಕರನ ವಂಶಕ್ಕೆ ಆಶ್ರಯವಾಗಿದ್ದ ಯಾದವರ ಆಳಿಕೆಗೆ ಸೇರಿತು.

ಭಾಸ್ಕರನ ಗೋಲಾಧ್ಯಾಯದಲ್ಲಿ ಗುರುತ್ವವು ಬೇರೊಂದು ಮುಖವನ್ನು ತೋರಿಸುತ್ತದೆ. ವೈಶೇಷಿಕರಿಗೆ ಗುರುತ್ವವು ಬೀಳುವ ವಸ್ತುವಿನಲ್ಲಿರುವ ಗುಣ; ಭಾಸ್ಕರನಿಗೆ ಬೀಳಿಸುವ ಶಕ್ತಿಯು ಭೂಮಿಯಲ್ಲಿದೆ. ಭೂಮಿಯು ತನ್ನ ಆಕರ್ಷಣಶಕ್ತಿಯಿಂದ ಆಕಾಶದಲ್ಲಿರುವ ಗುರುವಸ್ತುವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಅದು ಬೀಳುವಂತೆ ನಮಗೆ ತೋರುತ್ತದೆ. ಸುತ್ತಲೂ ಆಕಾಶವು ಸಮವಾಗಿರುವಾಗ ಭೂಮಿಯು ತಾನು ಎಲ್ಲಿಗೆ ಬಿದ್ದೀತು ಎಂದು ಅವನು ಕೇಳುತ್ತಾನೆ. ಭೂಮಿಯು ನಿರಂತರವಾಗಿ ಕೆಳಕ್ಕೆ ಬೀಳುತ್ತಿದೆಯೆಂಬ ಬೌದ್ಧಮತವನ್ನು ಖಂಡಿಸುವುದು ಅವನ ಪ್ರಕೃತ ಉದ್ದೇಶವು. ಮೇಲಕ್ಕೆ ಎಸೆದ ಭಾರವಾದ ವಸ್ತುವು ಭೂಮಿಗೆ ಮರಳಿ ಬರುವುದನ್ನು ನೋಡಿಯೂ ಭೂಮಿಯು ಬೀಳುತ್ತಿದೆಯೆನ್ನುವುದು ಹೇಗೆ ಎಂಬುದು ಅವನ ಆಕ್ಷೇಪ. ಈ ಭಾವನೆಯು ಭಾಸ್ಕರನಿಗೂ ಹಿಂದಿನದು. ೬೨೮ರಲ್ಲಿ ಬರೆದ ಬ್ರಹ್ಮಗುಪ್ತನ ಇಂತಹ ಮಾತನ್ನು ಹನ್ನೊಂದನೆಯ ಶತಮಾನದಲ್ಲಿ ಅಲ್‌ಬೆರೂನಿಯು ತನ್ನ ಗ್ರಂಥದಲ್ಲಿ ಎತ್ತಿಹೇಳಿದ್ದಾನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಅದೇ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರನು ಗ್ರಹಗಳ 'ತಾತ್ಕಾಲಿಕ ಗತಿ'ಯನ್ನು, ಎಂದರೆ ಆಯಾ ಕ್ಷಣದ ಗತಿಯನ್ನು, ಗಣಿಸುವ ಕ್ರಮವನ್ನು ಹೇಳಿದ್ದಾನೆ. ಕ್ಷಣಕ್ಷಣಕ್ಕೂ ಬದಲಾಗುವ ಗತಿಯನ್ನು ಅಳೆಯುವ ಉಪಾಯವೂ, ವಸ್ತುವನ್ನು ಎಳೆಯುವ ಶಕ್ತಿಯ ಭಾವನೆಯೂ ಒಬ್ಬನೇ ಗ್ರಂಥಕಾರನ ಒಂದೇ ಗ್ರಂಥದಲ್ಲಿ ಇದ್ದವು. ಆದರೆ ಒಂದನ್ನು ಇನ್ನೊಂದಕ್ಕೆ ಅನ್ವಯಿಸುವ ಪ್ರಶ್ನೆಯೇ ಏಳಲಿಲ್ಲ. ಗ್ರಹಗತಿಯು ಗಣಿತದ ವಿಷಯ. ಕಲ್ಲಿನ ಪತನವು ಪದಾರ್ಥಶಾಸ್ತ್ರದ ವಿಷಯ. ತಾರ್ಕಿಕನಲ್ಲಿ ಕಾರಣವಿತ್ತು, ಅಳತೆಯಿರಲಿಲ್ಲ. ಗಣಿತಜ್ಞನಲ್ಲಿ ಅಳತೆಯಿತ್ತು, ಕಾರಣದ ಅಪೇಕ್ಷೆಯಿರಲಿಲ್ಲ. ರಾಯಬಾಗದ ರಾಜಾದಿತ್ಯನು ಧಾನ್ಯವನ್ನು ಅಳೆದನು, ಧಾನ್ಯವನ್ನು ಕುಟ್ಟುವ ಒನಕೆಯ ಚಲನೆಯನ್ನು ಅಳೆಯಲಿಲ್ಲ. ಕಣಾದನು ಒನಕೆಯ ಚಲನೆಗೆ ಕಾರಣವನ್ನು ಕಂಡನು, ಅದನ್ನು ಅಳೆಯಲಿಲ್ಲ. ಈ ಎರಡು ಶಾಸ್ತ್ರಗಳ ನಡುವೆ ಇದ್ದ ಗೋಡೆಯೇ ನಮ್ಮ ಚಲನಶಾಸ್ತ್ರವು ನಿಂತುಹೋದ ಸ್ಥಳವು.

ಕಾರಣವನ್ನು ಅಳೆಯದೆ ಬಿಟ್ಟುದರ ಫಲವು ಭಾಸ್ಕರನ ಯಂತ್ರಾಧ್ಯಾಯದಲ್ಲಿಯೇ ಕಾಣುತ್ತದೆ. ಪೊಳ್ಳಾದ ಅರಗಳಲ್ಲಿ ಅರ್ಧದಷ್ಟು ಪಾದರಸವನ್ನು ತುಂಬಿದ ಚಕ್ರವು ತಾನಾಗಿಯೇ ತಿರುಗುವುದೆಂದು ಅವನು ಬರೆದಿದ್ದಾನೆ. ಪಾದರಸವು ಒಂದು ಪಾರ್ಶ್ವದಲ್ಲಿ ಇಳಿಯುವಾಗ ಗುರುತ್ವವು ಚಕ್ರಕ್ಕೆ ಕೊಟ್ಟುದನ್ನು, ಇನ್ನೊಂದು ಪಾರ್ಶ್ವದಲ್ಲಿ ಅದು ಏರುವಾಗ ಅಷ್ಟಕ್ಕಷ್ಟೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅಚ್ಚಿನ ತಿಕ್ಕಾಟದಲ್ಲಿ ಸ್ವಲ್ಪವು ನಷ್ಟವಾಗುವುದರಿಂದ ಚಕ್ರವು ನಿಲ್ಲಲೇಬೇಕು. ಮಹಾಗಣಿತಜ್ಞನಿಗೂ ಈ ಆಯವ್ಯಯವು ತೋರದಿದ್ದುದಕ್ಕೆ ಕಾರಣವೇನೆಂದರೆ, ಗುರುತ್ವದ ಕೊಡುಕೊಳೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವ ಪದ್ಧತಿಯು ಆಗ ಹುಟ್ಟಿರಲಿಲ್ಲ. ಯುರೋಪಿನಲ್ಲಿಯೂ ಇಂತಹ ಚಕ್ರಗಳ ಆಸೆಯು ಅನೇಕ ಶತಮಾನಗಳವರೆಗೆ ಬಿಡಲಿಲ್ಲ.

ಈ ಸೀಮೆಯಲ್ಲಿ ನೆಲೆಸಿರುವ ಜೈನರ ಶಾಸ್ತ್ರದಲ್ಲಿ ಬರುವ ಧರ್ಮದ್ರವ್ಯವನ್ನೂ ಕೆಲವರು ಬಲವೆಂದು ತಿಳಿಯುವುದುಂಟು. ಅದು ಸರಿಯಲ್ಲ. ನೀರು ಮೀನನ್ನು ತಳ್ಳುವುದಿಲ್ಲ, ಈಜುವ ಮೀನಿಗೆ ಸಹಾಯವಾಗಿ ಇರುತ್ತದೆ. ಹಾಗೆಯೇ ಧರ್ಮದ್ರವ್ಯವು ಚಲಿಸುವ ವಸ್ತುವಿಗೆ ಉದಾಸೀನವಾದ ನಿಮಿತ್ತವು ಮಾತ್ರ. ತಳ್ಳದೆ ಇರುವುದೇ ಅದರ ಲಕ್ಷಣವಾದ ಮೇಲೆ ಅದನ್ನು ಬಲವೆನ್ನುವುದು ಹೇಗೆ?

೫

ಕಾರಣವನ್ನೂ ಅಳತೆಯನ್ನೂ ಕೂಡಿಸಿದವನು ನ್ಯೂಟನ್. ಅವನ ಮತದ ಸಾರವನ್ನು ಈ ಸೀಮೆಯ ಒಕ್ಕಲಿಗನ ಬಾವಿಯ ದಂಡೆಯಲ್ಲಿಯೇ ತೋರಿಸಬಹುದು. ವಿದ್ಯುತ್ತಿನ ಪಂಪುಗಳು ಬರುವುದಕ್ಕೆ ಮುಂಚೆ ಬಾವಿಯಿಂದ ನೀರನ್ನೆತ್ತಲು ಕಪಿಲೆಯನ್ನು ಹೂಡುತ್ತಿದ್ದರು. ಮರಾಠಿಯಲ್ಲಿ ಇದಕ್ಕೆ ಮೋಟವೆಂದು ಹೆಸರು. ರಾಟೆಯ ಮೇಲೆ ಹಾಯ್ದ ಹಗ್ಗದ ಒಂದು ತುದಿಗೆ ತೊಗಲಿನ ಚೀಲ, ಇನ್ನೊಂದು ತುದಿಗೆ ಎತ್ತುಗಳು. ಎತ್ತುಗಳು ನಡೆಯುವ ದಾರಿಯು ಇಳಿಜಾರಾಗಿರುತ್ತಿತ್ತು. ಹೊಡೆಯುವವನು ಅನೇಕ ವೇಳೆ ಹಗ್ಗದ ಮೇಲೆಯೇ ಕುಳಿತುಕೊಳ್ಳುತ್ತಿದ್ದನು. ಇಳಿಜಾರಿನಲ್ಲಿ ಎತ್ತುಗಳ ಭಾರವೂ ಅವನ ಭಾರವೂ ಎಳೆತಕ್ಕೆ ಕೂಡಿಕೊಳ್ಳುತ್ತಿದ್ದವು. ಹೀಗೆ ಒಂದು ಕಡೆಯ ಗುರುತ್ವದಿಂದ ಇನ್ನೊಂದು ಕಡೆಯ ಗುರುತ್ವವನ್ನು ಎದುರಿಸುವ ಯುಕ್ತಿಯನ್ನು ನಮ್ಮ ರೈತರು ಶಾಸ್ತ್ರವನ್ನು ಓದದೆಯೇ ಕಂಡುಕೊಂಡಿದ್ದರು.

ಚೀಲವೂ ನೀರೂ ಸೇರಿ ೧೦೦ ಕಿಲೋಗ್ರಾಂ ಇರುವುದೆಂದು ಭಾವಿಸಿದರೆ, ಭೂಮಿಯು ಅದನ್ನು ಸುಮಾರು ೯೮೦ ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ನಿಂತ ಚೀಲವನ್ನು ಮೇಲಕ್ಕೆ ಕದಲಿಸುವಾಗ ಹಗ್ಗದ ಎಳೆತವು ಇದಕ್ಕಿಂತ ಹೆಚ್ಚಾಗಿರಬೇಕು. ಏಕೆಂದರೆ ಇಲ್ಲದ ಸಂವೇಗವನ್ನು ಹುಟ್ಟಿಸಬೇಕಾಗಿದೆ. ಚೀಲವು ಒಮ್ಮೆ ಸಮವೇಗವನ್ನು ಪಡೆದ ಮೇಲೆ ಹಗ್ಗದ ಎಳೆತವು ಚೀಲದ ತೂಕಕ್ಕೆ ಸರಿಯಾಗಿದ್ದರೆ ಸಾಕು. ಆಗ ಮೇಲಿನ ಬಲವೂ ಕೆಳಗಿನ ಬಲವೂ ಸಮವಾಗಿ, ಸಂವೇಗವು ಹೆಚ್ಚದೆ ಕಡಮೆಯಾಗದೆ ಚೀಲವು ಏರುತ್ತ ಹೋಗುತ್ತದೆ. ಚಲಿಸುವ ವಸ್ತುವಿಗೆ ಚಲಿಸುವ ದಿಕ್ಕಿನಲ್ಲಿ ಹೆಚ್ಚಾದ ಬಲವು ಯಾವಾಗಲೂ ಇದ್ದೇ ಇರಬೇಕೆಂಬ ಭಾವನೆಯು ಲೋಕದಲ್ಲಿ ಸಾಮಾನ್ಯವಾದುದು. ಕಪಿಲೆಯ ಚೀಲವು ಅದನ್ನು ಸುಳ್ಳಾಗಿಸುತ್ತದೆ. ಬಲವು ಸಂವೇಗಕ್ಕೆ ಕಾರಣವಲ್ಲ. ಸಂವೇಗದ ಬದಲಾವಣೆಗೆ ಕಾರಣ.

ಕಬ್ಬಿನ ಗಾಡಿಯಲ್ಲಿಯೂ ಇದೇ ನ್ಯಾಯವು. ಎರಡು ಸಾವಿರ ಕಿಲೋಗ್ರಾಂ ಭಾರದ ಗಾಡಿಯು ಸೆಕೆಂಡಿಗೆ ಒಂದು ಮೀಟರಿನಂತೆ ಹೋಗುತ್ತಿದ್ದರೆ ಅದನ್ನು ನಾಲ್ಕು ಸೆಕೆಂಡುಗಳಲ್ಲಿ ನಿಲ್ಲಿಸಲು ೫೦೦ ನ್ಯೂಟನ್ ಬಲವು ಸಾಕು. ಒಂದು ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ೨೦೦೦ ನ್ಯೂಟನ್ ಬೇಕು. ಅವಸರವಾದಷ್ಟೂ ನೊಗದ ಕೆಳಗಿನ ಎತ್ತಿನ ಹೆಗಲಿಗೆ ಪೆಟ್ಟು ಹೆಚ್ಚು. ನೋದನವು ಅಭಿಘಾತವಾಗುವುದು ಹೀಗೆ.

ಗುರುತ್ವಕ್ಕೆ ಇವೆರಡರೊಡನೆ ಇರುವ ಸಂಬಂಧವು ಈಗ ಸ್ಪಷ್ಟವಾಗುತ್ತದೆ. ಗುರುತ್ವವು ಬಲಗಳಲ್ಲಿ ಒಂದು. ಅದು ಕ್ಷಣಕ್ಷಣವೂ ಸಂವೇಗವನ್ನು ಭೂಮಿಯ ಕಡೆಗೆ ಬದಲಿಸುತ್ತಿರುತ್ತದೆ. ಭಾರವು ಇಮ್ಮಡಿಯಾದರೆ ಎಳೆತವೂ ಇಮ್ಮಡಿಯಾಗುತ್ತದೆ. ಆದರೆ ಕದಲಿಸಬೇಕಾದ ದ್ರವ್ಯರಾಶಿಯೂ ಇಮ್ಮಡಿಯಾಗುವುದರಿಂದ, ಗಾಳಿಯ ತಡೆಯಿಲ್ಲದ ಕಡೆ ಗುಂಡುಕಲ್ಲೂ ಹರಳೂ ಒಟ್ಟಿಗೆ ಬೀಳುತ್ತವೆ. ಕಣದಲ್ಲಿ ರಾಶಿಯನ್ನು ತೂರುವಾಗ ಕಾಳು ಕಾಲಬುಡಕ್ಕೂ ಹೊಟ್ಟು ದೂರಕ್ಕೂ ಬೀಳುವುದು ಗಾಳಿಯ ನೋದನದಿಂದಲೇ ಹೊರತು ಗುರುತ್ವದ ಪಕ್ಷಪಾತದಿಂದಲ್ಲ.

೬

ಇನ್ನು ಮೊದಲು ಹೇಳಿದ ಭ್ರಾಂತಿಯ ವಿಚಾರವು. ನ್ಯೂಟನ್ನನ ಮೂರು ನಿ​ಯಮಗಳಿಗೆ ಸರಿಯಾದ ಮೂರು ಸೂತ್ರಗಳನ್ನು ಕಣಾದನು ರಚಿಸಿದ್ದಾನೆಂದು ಸಂಸ್ಕೃತ ವಾಕ್ಯಗಳ ಸಹಿತವಾಗಿ ಹೇಳುವ ರೂಢಿಯು ಈಚೆಗೆ ಬಳಕೆಯಲ್ಲಿದೆ. ಆ ವಾಕ್ಯಗಳು ವೈಶೇಷಿಕಸೂತ್ರಗಳಲ್ಲಿ ಇಲ್ಲ. ಪ್ರಶಸ್ತಪಾದನು ವೇಗವನ್ನು ವಿವರಿಸುವ ಒಂದು ವಾಕ್ಯವನ್ನು ಮೂರು ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಒಂದೊಂದು ನಿಯಮದ ಅರ್ಥವನ್ನು ಹೊರಿಸಿರುತ್ತಾರೆ. ವೇಗವು ವಿಶಿಷ್ಟಸಂಯೋಗಕ್ಕೆ ವಿರೋಧಿಯೆಂಬ ಕೊನೆಯ ಭಾಗವನ್ನು ಕ್ರಿಯೆಗೆ ಸಮವಾದ ಪ್ರತಿಕ್ರಿಯೆಯುಂಟೆಂದು ಅನುವಾದಿಸುತ್ತಾರೆ. ಅದರ ಅರ್ಥವಾದರೋ, ಸ್ಪರ್ಶವುಳ್ಳ ವಸ್ತುವಿನ ಸಂಯೋಗದಿಂದ, ಎಂದರೆ ಗೋಡೆ ಮೊದಲಾದುವುಗಳಿಗೆ ತಾಕುವುದರಿಂದ, ವೇಗವು ನಾಶವಾಗುತ್ತದೆಯೆಂಬುದಷ್ಟೆ. ಹೀಗೆ ಕತ್ತರಿಸಿದುದರಿಂದ ಪ್ರಶಸ್ತಪಾದನಿಗೆ ಇಲ್ಲದ ಕೀರ್ತಿಯು ಬರಲಿಲ್ಲ, ಇದ್ದ ಕೀರ್ತಿಯು ಮರೆಯಾಯಿತು. ಏಕೆಂದರೆ ಪತನದಲ್ಲಿ ಗುರುತ್ವ ಸಂಸ್ಕಾರಗಳ ಸಹಕಾರವನ್ನು ಹೇಳುವ ಅವನ ನಿಜವಾದ ದೊಡ್ಡ ಮಾತನ್ನು ಈ ಹೊಗಳಿಕೆಯವರು ಯಾರೂ ಎತ್ತುವುದಿಲ್ಲ.

ಶಬ್ದಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆಯು ಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ, ಹೊಸ ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವ ಕೆಲಸವು ಹಳೆಯ ಶಬ್ದಗಳಿಗೆ ಹೊಸ ಅರ್ಥಗಳನ್ನು ತುಂಬುವ ಕೆಲಸವೇ ಆಗಿದೆ. ತಾರ್ಕಿಕರಲ್ಲಿ ಚಲನೆಗೆ ಕಾರಣವಾಗಿದ್ದ 'ವೇಗ'ವು ಇಂದು ಚಲನೆಯ ಅಳತೆಯ ಹೆಸರಾಗಿದೆ. 'ಸಂವೇಗ'ವು ಯೋಗಶಾಸ್ತ್ರದಲ್ಲಿ ಸಾಧಕನ ತೀವ್ರತೆ; ಜೈನಾಗಮಗಳಲ್ಲಿ ಸಂಸಾರಭೀತಿಯಿಂದ ಹುಟ್ಟಿದ ಮೋಕ್ಷಾಭಿಲಾಷೆ. ರಾಯಬಾಗದ ಬಸದಿಯಲ್ಲಿ ಆ ಶಬ್ದವನ್ನು ಕೇಳಿದ ಬಾಲಕನು ಮರುದಿನ ಶಾಲೆಯಲ್ಲಿ ಅದನ್ನೇ ಉರುಳುವ ಗುಂಡಿನ ಗುಣವಾಗಿ ಓದುತ್ತಾನೆ. ಛಂದಸ್ಸಿನಲ್ಲಿ ಎರಡು ಮಾತ್ರೆಯ ಅಕ್ಷರಕ್ಕೆ ಇರುವ 'ಗುರು' ಎಂಬ ಹೆಸರೇ ಭೂಮಿಯ ಎಳೆತಕ್ಕೂ ಮೂಲವಾಗಿದೆ. ಸಾಹಿತ್ಯದ ಉಪಾಧ್ಯಾಯರು ಈ ಅರ್ಥಾಂತರಗಳನ್ನು ತಿಳಿಸಿಕೊಟ್ಟರೆ ವಿಜ್ಞಾನದ ಉಪಾಧ್ಯಾಯರ ಕೆಲಸವು ಸುಲಭವಾದೀತು.

ಪೂರ್ವಿಕರಿಗೆ ಸಲ್ಲಬೇಕಾದ ಗೌರವವು ಅವರು ಹೇಳಿದುದನ್ನು ಹೇಳಿದಷ್ಟೇ ಎತ್ತಿಹಿಡಿಯುವುದರಲ್ಲಿದೆ. ಒನಕೆಯು ಪುಟಿಯುವುದಕ್ಕೆ ಒರಳನ್ನು ಕಾರಣವಾಗಿ ಕಂಡವನೂ, ಬೀಳುವ ವಸ್ತುವಿನಲ್ಲಿ ಗುರುತ್ವವು ವಿಶ್ರಮಿಸುವುದಿಲ್ಲವೆಂದು ಕಂಡವನೂ, ಎಳೆಯುವ ಶಕ್ತಿಯನ್ನು ಭೂಮಿಯಲ್ಲಿ ಕಂಡವನೂ, ಅಳತೆಯನ್ನು ತಾಯ್ನುಡಿಯಲ್ಲಿ ಹಾಡಿದವನೂ ಬೇರೆಬೇರೆಯಾಗಿ ನಿಂತರು. ಅವರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಓದುವ ಕೆಲಸವು ಇಂದಿನ ವಿದ್ಯಾರ್ಥಿಗೆ ಉಳಿದಿದೆ. ಚಿಕ್ಕೋಡಿಯ ಕನ್ನಡ ಬಾಲಕನಿಗೂ ನಿಪ್ಪಾಣಿಯ ಮರಾಠಿ ಬಾಲಕನಿಗೂ ಸಮಾನವಾಗಿ ಬಂದಿರುವ ಆಸ್ತಿಯು ಇದು. ಇದನ್ನು ಹೆಚ್ಚಿಸಿ ಹೇಳುವುದೂ ಕಡಮೆಮಾಡಿ ಹೇಳುವುದೂ ಆಸ್ತಿಯ ಲೆಕ್ಕವನ್ನು ಕೆಡಿಸಿದಂತೆಯೇ ಆಗುವುದು.